ಎಂಟು ಬಣ್ಣದ ಊರು

ಮಾರ್ಚ್ 3, 1997, ಸೋಮವಾರ. ವೈಮಾರು

ಇಂದಿನಿಂದ ಐದು ತಿಂಗಳು ಈ ಊರಿನಲ್ಲಿ. ಡನೀಡನ್‌ನಿಂದ ಬಸ್ಸಿನಲ್ಲಿ ಎರಡು ಗಂಟೆ. ದಾರಿಯುದ್ದಕ್ಕೂ ಕುರಿ, ಇಳಿದ ಮೇಲೆ ಕುರಿಯ ವಾಸನೆ.

ನನ್ನ ಕೆಲಸವೇನೆಂದು ಇಲ್ಲಿ ಬರೆದಿಡುವುದು ಒಳ್ಳೆಯದು, ಏಕೆಂದರೆ ಅದನ್ನು ಅರ್ಥಮಾಡಿಕೊಳ್ಳಬಲ್ಲ ಇನ್ನೊಬ್ಬ ಈ ಊರಿನಲ್ಲಿಲ್ಲ. ಪುರಸಭೆಯ ಹೊಸ ಸಭಾಂಗಣಕ್ಕೆ ಇಲ್ಲಿನ ಗಿರಣಿ ಒಂದು ದೊಡ್ಡ ರತ್ನಗಂಬಳಿ ನೇಯಬೇಕು. ಕಳೆದ ನವೆಂಬರಿನಲ್ಲಿ ಊರಿಗೆ ನೂರು ವರ್ಷ ತುಂಬಿದಾಗ ಪುರಭವನದ ಮೆಟ್ಟಿಲ ಮೇಲೆ ತೆಗೆಸಿಕೊಂಡ ಫೋಟೋವೇ ಅದರ ಚಿತ್ರ. ನಡುವೆ ಮೇಯರ್, ಎಡಕ್ಕೆ ಎಂಟು ಮಂದಿ ಕೌನ್ಸಿಲರು, ಬಲಕ್ಕೆ ಕಪ್ಪು ಬಾಗಿಲ ಮುಂದೆ ಬಿಳಿ ಏಪ್ರನ್ ತೊಟ್ಟ ಗಿರಣಿಯ ನಲವತ್ತು ಕೆಲಸಗಾರರು. ಕಂಪ್ಯೂಟರಿನ ಫೋಟೋದಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣಗಳಿಗೆ ಜಾಗವಿದೆ. ಗಿರಣಿಯ ಮಗ್ಗಕ್ಕೆ ಎಂಟು ನೂಲು ಮಾತ್ರ ಗೊತ್ತು. ಅದಕ್ಕೆ ಬಣ್ಣವನ್ನು ವರ್ಣಿಸಿ ಹೇಳಿ ಪ್ರಯೋಜನವಿಲ್ಲ. 'ಈ ಚುಕ್ಕಿಗೆ ಐದನೆಯ ನೂಲು' ಎಂದು ಸಂಖ್ಯೆ ಕೊಡಬೇಕು. ಕೋಟಿಯನ್ನು ಎಂಟಕ್ಕೆ ಇಳಿಸಿ, ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಕೊಟ್ಟು ಫ್ಲಾಪಿಯಲ್ಲಿ ತುಂಬುವ ಪ್ರೋಗ್ರಾಮ್ ಬರೆಯುವವನು ನಾನು, ಡೆಸ್ಮಂಡ್ ಪ್ರಿಂಗಲ್.

ಗಿರಣಿಯ ಮ್ಯಾನೇಜರ್ ಕ್ಲಿಫರ್ಡ್ ಟ್ವೀಡಿ ಆಕ್ಲೆಂಡ್‌ನಲ್ಲಿ ಎರಡು ದಿನದ ಆಡಳಿತ ಶಿಬಿರ ಮುಗಿಸಿ ಬಂದವರು.

"ಡೆಸ್ಮಂಡ್, ನಮಗೆ ಬೇಕಾಗಿರೋದು ಪ್ರೋಗ್ರಾಮ್ ಅಲ್ಲ. ಭವಿಷ್ಯ."

"ಭವಿಷ್ಯಕ್ಕೆ ಕಂಪ್ಯೂಟರ್ ಯಾವುದು ಕೊಡ್ತೀರಿ?"

"ಲೆಕ್ಕದ ವಿಭಾಗದ್ದು ಹಳೇದೊಂದಿದೆ. ಸಂಬಳದ ದಿನ ಬಿಟ್ಟು ಉಳಿದ ದಿನ ನಿಮ್ದೇ."

ಮಾರ್ಚ್ 5, ಬುಧವಾರ

ಮೊದಲ ಪರಿವರ್ತನೆ ಯಶಸ್ವಿ. ನನ್ನ ಪ್ರೋಗ್ರಾಮ್ ಫೋಟೋದ ಚುಕ್ಕಿಗಳನ್ನೆಲ್ಲ ಎಣಿಸಿ, ಗುಂಪು ದಟ್ಟವಾಗಿರುವ ಕಡೆ ನಡುವೆ ಸೀಳುತ್ತದೆ. ಎಂಟು ಗುಂಪಾದಾಗ ನಿಲ್ಲುತ್ತದೆ. ಹೆಚ್ಚು ಚುಕ್ಕಿಯಿರುವ ಬಣ್ಣಕ್ಕೆ ಪಟ್ಟಿಯಲ್ಲಿ ಸ್ಥಾನ. ಕಡಿಮೆ ಇರುವುದು ಹತ್ತಿರದ ಬಣ್ಣದ ಮನೆಯಲ್ಲಿ ಹೊಂದಿಕೊಂಡು ಬಾಳಬೇಕು. ಇದಕ್ಕಿಂತ ಪ್ರಜಾಸತ್ತಾತ್ಮಕವಾದ ಏರ್ಪಾಡು ನನಗೆ ಗೊತ್ತಿಲ್ಲ.

ಫಲಿತಾಂಶ: ಪುರಭವನದ ಕಲ್ಲಿಗೆ ಮೂರು ಬಣ್ಣ, ಮೋಡಕ್ಕೆ ಎರಡು, ಹುಲ್ಲಿಗೆ ಹಸಿರು, ಏಪ್ರನ್‌ಗೆ ಬಿಳಿ, ಸೂಟುಗಳಿಗೆ ಕಪ್ಪು. ದೋಷಾಂಕ, ಅಂದರೆ ಮೂಲ ಫೋಟೋದಿಂದ ಬಣ್ಣ ಎಷ್ಟು ದೂರ ಸರಿದಿದೆ ಎಂಬ ಅಳತೆ, 4.1. ಇದು ಅತ್ಯುತ್ತಮ.

ನೂಲಿನ ವಿಷಯ ಕೇಳಲು ಬಣ್ಣದ ಮನೆಗೆ ಹೋಗಬೇಕಾಯಿತು. ಅಲ್ಲಿ ಉಣ್ಣೆಗೆ ಬಣ್ಣ ಹಾಕುವ ರಿಪೆಕಾ ಪಾರಟಾ ಎಂಬ, ಈ ನಾಡಿನ ಮೂಲನಿವಾಸಿ ಮಾವೊರಿ ಜನದ ಹೆಂಗಸೊಬ್ಬಳಿದ್ದಾಳೆ. ಮೂವತ್ತನಾಲ್ಕು ವರ್ಷದಿಂದ ಅಲ್ಲೇ ಇದ್ದಾಳಂತೆ. ಕೈ ಮೊಣಕೈವರೆಗೆ ನೀಲಿ. ನಾನು ಅಚ್ಚುಮಾಡಿದ ಹಾಳೆಯನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಳು.

"ಪಾಪ, ಇವರೆಲ್ಲ ಯಾವಾಗ ಹೋದ್ರು?"

"ಎಲ್ಲಿಗೆ?"

"ಮೇಲಕ್ಕೆ."

ಮುಖಗಳು ಕಲ್ಲಿನ ಬಣ್ಣಕ್ಕೆ ತಿರುಗಿರುವುದನ್ನು ಹೇಳುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಎಲ್ಲ ಮುಖಗಳನ್ನು ಕೂಡಿಸಿದರೂ ಚಿತ್ರದಲ್ಲಿ ಶೇಕಡಾ ಮೂರು ಎಂದು ವಿವರಿಸಿದೆ. ಅಂಕಿಸಂಖ್ಯೆಯ ಅಭ್ಯಾಸವಿಲ್ಲದವರೊಂದಿಗೆ ತಾಳ್ಮೆ ಬೇಕು.

ಮಾರ್ಚ್ 12, ಬುಧವಾರ

ಒಂದು ವಾರ ವ್ಯರ್ಥ. ಕಾರಣ ಆ ಬಣ್ಣದ ಮನೆಯ ಹೆಂಗಸು. ಹತ್ತು ಗಂಟೆಯ ಚಹಾದ ಹೊತ್ತಿನಲ್ಲಿ ಎಲ್ಲರೆದುರು ಟ್ವೀಡಿಯವರನ್ನು ಕೇಳಿದಳು: "ಈ ಕಾರ್ಪೆಟ್ ನೆಲಕ್ಕೋ ಗೋಡೆಗೋ?"

"ಕಾರ್ಪೆಟ್ ಅಂದ್ಮೇಲೆ ನೆಲಕ್ಕೇ ಅಲ್ವಾ ರಿಪೆಕಾ?"

"ಅಂದ್ರೆ ನಮ್ಮ ಮುಖದ ಮೇಲೆ ಅವರು ಕಾಲಿಟ್ಟು ಓಡಾಡ್ತಾರೆ. ನಮ್ಮವರಲ್ಲಿ ತಲೆ ಅಂದ್ರೆ ಎಷ್ಟು ಪವಿತ್ರ ಅಂತ ನಿಮಗೆ ಗೊತ್ತು. ಹೋಗ್ಲಿ, ಮೇಯರ್ ಮುಖ ಬಾಗಿಲ ಹತ್ರಾನೇ ಬರುತ್ತಲ್ಲ, ಶೂ ಒರೆಸೋ ಜಾಗ. ಅವರಿಗೆ ಗೊತ್ತಾ?"

ಟ್ವೀಡಿ ಚಹಾ ಅಲ್ಲಿಯೇ ಬಿಟ್ಟು ಫೋನಿನತ್ತ ಓಡಿದರು. ಪುರಸಭೆ ತಕ್ಷಣ ಉಪಸಮಿತಿ ರಚಿಸಿತು. ಅದು ಆರು ದಿನ ಕೂತು, ರತ್ನಗಂಬಳಿಯನ್ನು ಗೋಡೆಗೆ ತೂಗುಹಾಕುವುದೆಂದೂ ಈ ಸಲಹೆ ಮೇಯರ್ ಅವರದೇ ಎಂದೂ ನಿರ್ಣಯಿಸಿತು.

ಮಾರ್ಚ್ 20, ಗುರುವಾರ

ಪುರಸಭೆಯ ರತ್ನಗಂಬಳಿ ಸಮಿತಿಯ ಮುಂದೆ ಪ್ರದರ್ಶನ. ಕಂಪ್ಯೂಟರನ್ನು ಟ್ವೀಡಿಯವರ ಕಾರಿನಲ್ಲಿ ಸಾಗಿಸಿದೆವು. ನಾನು ಹೊಸದಾಗಿ ಸೇರಿಸಿದ ಸೌಲಭ್ಯ ಎಲ್ಲರ ಮನಸೆಳೆಯಿತು: ಪಟ್ಟಿಯಲ್ಲಿ ಯಾವ ಬಣ್ಣ ಬೇಕೋ ಅದರ ಪಕ್ಕ ಬೀಗದ ಗುರುತು ಒತ್ತಿದರೆ, ಪ್ರೋಗ್ರಾಮ್ ಅದನ್ನು ಕದಲಿಸುವುದಿಲ್ಲ.

ಮೇಯರ್ ನಾರ್ಮನ್ ಗಿಲ್‌ಕ್ರಿಸ್ಟ್ ಕೊರಳಲ್ಲಿದ್ದ ಮೇಯರ್ ಪದವಿಯ ಸರದ ಮೇಲೆ ಕೈಯಿಟ್ಟುಕೊಂಡು ಶುರುಮಾಡಿದರು. "ನನಗೇನೂ ಬೇಡ್ರೀ. ಆದ್ರೆ ಈ ಸರ ಊರಿನದು. ಇದರ ಚಿನ್ನದ ಬಣ್ಣ ಹೋಗ್ಬಾರ್ದು."

ಬೀಗ ಹಾಕಿದೆ. ರಗ್ಬಿ ಕ್ಲಬ್ಬಿನ ಕೌನ್ಸಿಲರ್ ತಮ್ಮ ಟೈ ತೋರಿಸಿ, ಮರೂನ್ ಇಲ್ಲದಿದ್ದರೆ ಹುಡುಗರಿಗೆ ಮುಖ ತೋರಿಸಲಾಗುವುದಿಲ್ಲ ಎಂದರು. ಬೀಗ. ರತ್ನಗಂಬಳಿಯ ಪ್ರಾಯೋಜಕರಾದ ಬೆಣ್ಣೆ ಕಂಪನಿಯವರದು ನೀಲಿ. ಬೀಗ. ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಟದ ಕೌನ್ಸಿಲರಿಗೆ ಹುಲ್ಲುಹಾಸಿನ ಹಸಿರು. ಪಾರಂಪರಿಕ ಕಟ್ಟಡಗಳ ಟ್ರಸ್ಟಿಗೆ ಪುರಭವನದ ಕಲ್ಲು. ಕೊನೆಗೆ ಶ್ರೀಮತಿ ಡಾಫ್ನಿ ಪ್ರೌಟ್ ಎದ್ದು ನಿಂತರು.

"ನನ್ನ ಟೋಪಿ ನೇರಳೆ. ಅದನ್ನ ಬೂದಿ ಮಾಡಿದೀರಿ."

"ಮೇಡಂ, ಟೋಪಿ ಇಡೀ ಚಿತ್ರದಲ್ಲಿ ನೂರ ಹನ್ನೊಂದು ಚುಕ್ಕಿ ಅಷ್ಟೆ."

"ನಾನು ಆರಿಸಿ ಬಂದಿದ್ದು ನೂರ ಒಂಬತ್ತು ಮತದಲ್ಲಿ. ಚುಕ್ಕಿ ಎರಡು ಜಾಸ್ತಿನೇ ಆಯ್ತು."

ಬೀಗ. ಉಳಿದ ಎರಡು ಸ್ಥಾನಗಳನ್ನು ಪ್ರೋಗ್ರಾಮ್ ತಾನೇ ತುಂಬಿತು: ಕಪ್ಪು, ಬಿಳಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಚೀಸ್ ರೋಲ್ ಬಿಸಿಯಾಗಿತ್ತು. ನನ್ನ ವೃತ್ತಿಜೀವನದ ಅತ್ಯಂತ ಸಂತೃಪ್ತ ಸಂಜೆ ಇದು.

ಮಾರ್ಚ್ 21, ಶುಕ್ರವಾರ

ಬೀಗಗಳೊಂದಿಗೆ ಪೂರ್ತಿ ಪರಿವರ್ತನೆ. ದೋಷಾಂಕ 7.3. ಸಮಿತಿಯ ಬೆಲೆ ಅದು, ಸಹಿಸಬಹುದು.

ಕೌನ್ಸಿಲರುಗಳ ಮುಖ ಪುರಭವನದ ಕಲ್ಲಿನ ಬಣ್ಣಕ್ಕೆ ಹೋಯಿತು. ಮೇಯರ್ ಅವರದು ಸ್ವಭಾವತಃ ಕೆಂಪು ಮುಖ, ಅಂದು ಬಿಸಿಲೂ ಇತ್ತು. ಅದಕ್ಕೆ ಹತ್ತಿರದ್ದು ಚಿನ್ನ. ಬಲಬದಿಯ ಕೆಲಸಗಾರರು ಕಮಾನಿನ ನೆರಳಿನಲ್ಲಿ ನಿಂತಿದ್ದರಿಂದ ಅವರ ಮುಖಗಳು ಕಪ್ಪಿಗೆ ಸೇರಿದವು. ಹಿಂದಿನ ಬಾಗಿಲೂ ಕಪ್ಪು. ಹಾಗಾಗಿ ನಲವತ್ತು ಬಿಳಿ ಏಪ್ರನ್‌ಗಳು ತಲೆಯಿಲ್ಲದೆ ಸಾಲಾಗಿ ನಿಂತಿವೆ. ನಿಯಮದ ಪ್ರಕಾರ ಸರಿಯಾಗಿದೆ.

ಏಪ್ರಿಲ್ 9, ಬುಧವಾರ

ಸಮಿತಿ ಒಪ್ಪಿಗೆ ಕೊಟ್ಟಿತು. ಮೇಯರ್ ತಮ್ಮ ಚಿನ್ನದ ಮುಖವನ್ನು ಹತ್ತಿರದಿಂದ, ದೂರದಿಂದ, ಕನ್ನಡಕ ತೆಗೆದು, ಹಾಕಿಕೊಂಡು ನೋಡಿದರು. "ಗಂಭೀರವಾಗಿದೆ," ಎಂದರು. ಕಲ್ಲಾದ ಕೌನ್ಸಿಲರುಗಳೂ ತಾವು ಕಟ್ಟಡದೊಂದಿಗೆ ಒಂದಾಗಿರುವುದು ಅರ್ಥಪೂರ್ಣವೆಂದರು. ಬಲಬದಿಯನ್ನು ಯಾರೂ ನೋಡಲಿಲ್ಲ.

ಏಪ್ರಿಲ್ 10, ಗುರುವಾರ

ಟ್ವೀಡಿ ಕೋಣೆಗೆ ಕರೆದು ಬಾಗಿಲು ಹಾಕಿದರು.

"ನಿಮ್ಮ ಪ್ರೋಗ್ರಾಮ್ ಬಣ್ಣ ತಾನೇ ಆರಿಸುತ್ತೆ ಅಲ್ವಾ? ಹಾಗಾದ್ರೆ ರಿಪೆಕಾ ಯಾಕೆ? ಜುಲೈ ಕೊನೆಗೆ ಅವಳನ್ನ ಗೌರವವಾಗಿ ಮನೆಗೆ ಕಳಿಸೋಣ. ಆ ಜಾಗಕ್ಕೆ ನೀವು. ಖಾಯಂ. ನಿಮ್ಮ ಕೊನೇ ವರದೀಲಿ ಒಂದೇ ಸಾಲು ಬರೀರಿ: 'ಬಣ್ಣದ ಆಯ್ಕೆಗೆ ಮನುಷ್ಯರ ಅಗತ್ಯವಿಲ್ಲ.'"

ಮೇಜಿನ ಖಾನೆಯಿಂದ ಒಂದು ಪೆಟ್ಟಿಗೆ ತೆಗೆದುಕೊಟ್ಟರು. ನನ್ನ ಹೆಸರಿನ ಕಾರ್ಡುಗಳು, ಆಗಲೇ ಅಚ್ಚಾಗಿವೆ: 'ಡಿ. ಪ್ರಿಂಗಲ್, ವರ್ಣ ಪರಿವರ್ತನಾಧಿಕಾರಿ'. ಅಕ್ಷರಗಳು ಉಬ್ಬಿವೆ, ಬೆರಳಿಗೆ ಸಿಗುತ್ತವೆ. ಕೂತಲ್ಲಿ ಹಲವು ಸಲ ಮುಟ್ಟಿ ನೋಡಿದೆ.

ಮಧ್ಯಾಹ್ನ ನೂಲಿನ ಪಟ್ಟಿ ಕೊಡಲು ಬಣ್ಣದ ಮನೆಗೆ ಹೋದೆ. ರಿಪೆಕಾ ಹಾಳೆಯ ಬಲಬದಿಯ ಮೇಲೆ ಬೆರಳಿಟ್ಟಳು.

"ಲೆಕ್ಕದ ಸಾಹೇಬ್ರೇ, ನಮ್ಮ ತಲೆ ಎಲ್ಲಿ?"

"ಕಪ್ಪಿನೊಳಗಿದೆ."

"ಒಳಗಿದೆ ಅಂದ್ರೆ, ಹುಡುಕಿದ್ರೆ ಸಿಗುತ್ತಾ?"

ಸಿಗುವುದಿಲ್ಲ. ಒಮ್ಮೆ ಸಂಖ್ಯೆಯಾದ ಮೇಲೆ ಮೂಲ ಬಣ್ಣ ಮರಳಿ ಬರುವುದಿಲ್ಲ. ಇದು ಈ ವಿಧಾನದ ಮೂಲಭೂತ ಗುಣ. ಹಾಗೆಂದು ಹೇಳಿದೆ. ಅವಳು ಬೈಯಲಿಲ್ಲ. ನಾನು ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ.

ಏಪ್ರಿಲ್ 24, ಗುರುವಾರ

ನಾಳೆ ಯುದ್ಧಸ್ಮರಣೆಯ ರಜೆ. ಇಂದು ಕೆಲಸ ಕಡಿಮೆಯಿತ್ತು, ಬಣ್ಣದ ಮನೆಯಲ್ಲಿ ಮೂರು ಗಂಟೆ ಕಳೆದೆ. ತಾಂತ್ರಿಕ ಕಾರಣಕ್ಕಾಗಿ.

ಅಲ್ಲಿ ಒಂದೇ ದೊಡ್ಡ ಕಿಟಕಿ, ದಕ್ಷಿಣಕ್ಕಿದೆ. ಭೂಮಿಯ ಈ ದಕ್ಷಿಣಾರ್ಧದಲ್ಲಿ ಆ ಕಡೆಯಿಂದ ಬಿಸಿಲು ಬರುವುದಿಲ್ಲ, ಬೆಳಕು ಮಾತ್ರ ಬರುತ್ತದೆ, ಹಾಗಾಗಿ ದಿನವಿಡೀ ಬಣ್ಣ ಸುಳ್ಳು ಹೇಳುವುದಿಲ್ಲವಂತೆ. ರಿಪೆಕಾ ಅವರು ನನ್ನ ತೋಳು ಹಿಡಿದು ಕಿಟಕಿಯ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಉಣ್ಣೆಯ ಎಳೆಗಳನ್ನು ಒಂದೊಂದಾಗಿ ಇಡುತ್ತ ಹೋದರು.

"ನಿನ್ನ ಬಣ್ಣ ಏನು ಹೇಳು ನೋಡೋಣ."

"ಬಿಳಿ?"

"ಏಪ್ರನ್ ಬಿಳಿ. ನೀನು ಒಲೇಲಿಡೋಕೆ ಮುಂಚಿನ ಪೈ ಹಿಟ್ಟು."

ಹನ್ನೊಂದನೆಯ ಎಳೆ ಹೊಂದಿತು. ನನ್ನ ತೋಳು ಎಲ್ಲಿ ಮುಗಿದು ಉಣ್ಣೆ ಎಲ್ಲಿ ಶುರುವಾಗುತ್ತದೆಂದು ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಅವರು ಮೂಲ ಫೋಟೋ ತರಿಸಿ, ನಲವತ್ತು ಮಂದಿಯ ಹೆಸರು ಹೇಳಿಸಿದರು. ಅಂದರೆ ಅವರು ಹೇಳಿದರು, ನಾನು ಬರೆದುಕೊಂಡೆ. ನೂಲು ಸುತ್ತುವ ಸಮೋವಾದ ಅಕ್ಕತಂಗಿಯರು ಫಲೆಟಾ ಮತ್ತು ಲೂಸಿಯಾ: ಅಕ್ಕನದು ಕೆಂಪು ಬೆರೆತ ಕಂದು, ತಂಗಿಯದು ಜೇನು. ಮಗ್ಗ ನಡೆಸುವ ಟಾಮ್ ಹೆಗಾರ್ಟಿ ಮುಖದ ತುಂಬ ಮಚ್ಚೆಯ ಚುಕ್ಕಿ. 'ಅವನು ಹುಟ್ಟಿದಾಗಲೇ ನಿನ್ನ ಪ್ರೋಗ್ರಾಮ್‌ನಿಂದ ಬಂದಂಗಿದಾನೆ' ಎಂದು ರಿಪೆಕಾ ನಕ್ಕರು.

ದೋಷಾಂಕ ನೋಡಲು ಮರೆತೆ.

ಮೇ 6, ಮಂಗಳವಾರ

ಘೋರ ಅವಮಾನ.

ಒಪ್ಪಿಗೆಯಾದ ಚಿತ್ರದ ಒಂದು ಮೂಲೆಯನ್ನು ಮಾದರಿಗೆ ನೇಯ್ದರು. ಇಡೀ ಗಿರಣಿ ಸೇರಿತ್ತು. ಮಗ್ಗದಿಂದ ಇಳಿದದ್ದು: ನೀಲಿ ಹುಲ್ಲು, ಹಸಿರು ಕಲ್ಲು, ಮತ್ತು ಕಲ್ಲುಬಣ್ಣದ ಟೋಪಿಯ ಕೆಳಗೆ ನೇರಳೆ ಸೂಟಿನ ಕೌನ್ಸಿಲರು. ಟಾಮ್ ಹೆಗಾರ್ಟಿ ಟೋಪಿ ತೆಗೆದು ಎದೆಗಿಟ್ಟುಕೊಂಡ. ಯಾರೋ ಜೋರಾಗಿ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನು ಪ್ರೋಗ್ರಾಮನ್ನು ಎರಡು ತಾಸು ಸಾಲುಸಾಲಾಗಿ ತಡಕಿದೆ. ಏನೂ ತಪ್ಪಿಲ್ಲ.

ರಿಪೆಕಾ ಅವರು ಬಂದು ಪಕ್ಕ ಕೂತು ಪರದೆ ನೋಡಿದರು.

"ನಿನ್ನ ಮೊದಲ್ನೇ ನೂಲಿಗೆ ಯಾವ ನಂಬರು?"

"ಸೊನ್ನೆ."

"ಸೊನ್ನೆಯಿಂದ ಎಣಿಸ್ತೀಯಾ ನೀನು?"

"ಪ್ರೋಗ್ರಾಮರುಗಳೆಲ್ಲ ಹಾಗೇ ಎಣಿಸೋದು."

"ನಮ್ಮ ಮಗ್ಗ ಒಂದರಿಂದ ಎಣಿಸುತ್ತೆ ಮಗಾ. ಅದಕ್ಕೆ ಕಲಿಸಿದೋರು ಮನುಷ್ಯರು."

ಎಲ್ಲ ಬಣ್ಣವೂ ಒಂದೊಂದು ಮನೆ ಪಕ್ಕಕ್ಕೆ ಸರಿದಿತ್ತು. ಒಂದು ಕೂಡಿಸಿದೆ, ಸರಿಹೋಯಿತು. ಟ್ವೀಡಿ ಕಾರಣ ಕೇಳಿದಾಗ ರಿಪೆಕಾ ಅವರೇ ಮುಂದೆ ಬಂದು 'ಫ್ಲಾಪಿಗೆ ಉಣ್ಣೆ ಧೂಳು ಹೋಗಿತ್ತು' ಎಂದರು. ಏಕೆ ಹಾಗೆಂದರೋ ತಿಳಿಯದು.

ಮೇ 22, ಗುರುವಾರ

ಎರಡು ವಾರದಿಂದ ಸಂಜೆಯ ಹೊತ್ತು ಕೌನ್ಸಿಲರುಗಳ ಮನೆಗೆ ಹೋಗುತ್ತಿದ್ದೇನೆ. ಒಂದು ಬೀಗ ತೆಗೆಯಲು ಯಾರಾದರೂ ಒಪ್ಪಿದರೆ ಆ ಜಾಗದಲ್ಲಿ ಒಂದು ಚರ್ಮದ ಬಣ್ಣ ಹಾಕಬಹುದು. ಇದು ಕೇವಲ ಚಿತ್ರದ ಗುಣಮಟ್ಟದ ಪ್ರಶ್ನೆ.

ರಗ್ಬಿಯವರು, ಮರೂನ್ ಹೋದರೆ ರಾಜೀನಾಮೆ ಎಂದರು. ಬೆಣ್ಣೆ ಕಂಪನಿಯ ಪ್ರತಿನಿಧಿ ನೀಲಿಯ ಬಗ್ಗೆ ಕರಾರು ಪತ್ರ ತೋರಿಸಿದರು. ಬೌಲ್ಸ್‌ನವರು ನನ್ನನ್ನು ಹುಲ್ಲುಹಾಸಿನ ಅಂಚಿನಲ್ಲಿ ನಿಲ್ಲಿಸಿ ಒಂದು ಪಂದ್ಯ ಪೂರ್ತಿ ತೋರಿಸಿ, 'ಈಗ ಹೇಳಿ' ಎಂದರು. ಶ್ರೀಮತಿ ಪ್ರೌಟ್ ಮಾತ್ರ ಚಹಾ ಕೊಟ್ಟರು.

"ಗಿರಣಿಯವರ ಮುಖ ಕಾಣಲ್ವಾ? ಅಯ್ಯೋ ಪಾಪ. ನಾನು ನೋಡ್ಲೇ ಇಲ್ಲ. ಆ ಟೋಪಿ ಮೇಲೇ ಕಣ್ಣಿತ್ತು ನೋಡಿ."

"ಹಾಗಾದ್ರೆ ನೇರಳೆ ಬಿಡ್ತೀರಾ ಮೇಡಂ?"

"ಬೇರೆ ಯಾರಾದ್ರೂ ಬಿಟ್ರೆ ನಾನು ತುಂಬ ಸಂತೋಷಪಡ್ತೀನಿ."

ದಾರಿಯಲ್ಲಿ ಬರುವಾಗ ವೆರೋನಿಕಾ ನೆನಪಾದಳು. ನನ್ನನ್ನು ಬಿಟ್ಟು ಹೋಗುವಾಗ, ತನ್ನ ಕಣ್ಣಿನ ಬಣ್ಣ ಯಾವುದೆಂದು ಕೇಳಿದ್ದಳು. 'ಕಂದು' ಎಂದಿದ್ದೆ. ಕಂದಲ್ಲ. ಒಳಗೆ ಒಣಹುಲ್ಲಿನ ಹಳದಿ, ಸುತ್ತ ಸಮುದ್ರದ ಪಾಚಿಯ ಉಂಗುರ. ಈ ವಿಷಯ ಇಂದು ಏಕೆ ಹೊಳೆಯಿತೋ. ಚಳಿ ಶುರುವಾಗಿದೆ, ಕೋಟಿನ ಗುಂಡಿ ಹಾಕಿಸಬೇಕು.

ಜೂನ್ 3, ಮಂಗಳವಾರ

ದಾರಿ ಸಿಕ್ಕಿತು! ಸಿಕ್ಕಿದ್ದು ನನಗಲ್ಲ, ಆಂಟಿಗೆ. (ಗಿರಣಿಯಲ್ಲಿ ಎಲ್ಲರೂ ರಿಪೆಕಾ ಅವರನ್ನು ಹಾಗೆಯೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತಿದ್ದೇನೆ. ಅನುಕೂಲಕ್ಕೆ.)

ಬೆಳಿಗ್ಗೆ ನನ್ನ ಸೋಲಿನ ಪಟ್ಟಿ ಓದಿ ಹೇಳಿದೆ. ಆಂಟಿ ಕಡಾಯಿಯಲ್ಲಿ ಕೋಲಾಡಿಸುತ್ತ ಕೇಳಿದರು:

"ಕಪ್ಪು ಯಾರು ಕೇಳಿದ್ದು?"

"ಯಾರೂ ಕೇಳಲಿಲ್ಲ. ಪ್ರೋಗ್ರಾಮ್ ತಾನೇ ಹಾಕಿದ್ದು."

"ಹಾಗಾದ್ರೆ ಅದು ಯಾರಪ್ಪನದೂ ಅಲ್ಲ. ತೆಗಿ."

"ಕಪ್ಪಿಲ್ದೆ ಚಿತ್ರ ಹೇಗಾಗುತ್ತೆ ಆಂಟಿ? ಸೂಟುಗಳಿವೆ. ಬಾಗಿಲಿದೆ."

ನನ್ನನ್ನು ಕಿಟಕಿಗೆ ಕರೆದೊಯ್ದು ನನ್ನದೇ ಕೋಟು ತೋರಿಸಿದರು. "ಇದು ಕಪ್ಪಾ? ಸರಿಯಾಗಿ ನೋಡು." ನೋಡಿದೆ. ನೀಲಿಯಿತ್ತು, ಕಂದಿತ್ತು, ಮೊಣಕೈಯಲ್ಲಿ ಹಸಿರೂ ಇತ್ತು. ಕಪ್ಪು ಎಲ್ಲಿಯೂ ಇರಲಿಲ್ಲ.

ಆಂಟಿಯ ಉಪಾಯ: ಕಪ್ಪಿನ ಜಾಗದಲ್ಲಿ ಗಾಢ ಕಂದು, ಕಡುಚಹಾದ ಬಣ್ಣ. ಅದರ ಚುಕ್ಕಿ ಒಂದು, ಬೆಣ್ಣೆ ಕಂಪನಿಯ ನೀಲಿ ಒಂದು, ಪಕ್ಕಪಕ್ಕ ಇಟ್ಟರೆ ಹತ್ತು ಹೆಜ್ಜೆ ದೂರದಿಂದ ಸೂಟು. ಅದೇ ಕಂದಿನ ಜೊತೆ ಮೇಯರ್ ಸರದ ಚಿನ್ನ ಸೇರಿದರೆ ಫಲೆಟಾ; ಚಿನ್ನ ಇನ್ನೊಂದಿಷ್ಟು ಹೆಚ್ಚಾದರೆ ಲೂಸಿಯಾ. ಪುರಭವನದ ಕಲ್ಲಿನ ಮೂರು ಚುಕ್ಕಿಗೆ ರಗ್ಬಿಯ ಮರೂನ್ ಒಂದು ಬಿದ್ದರೆ ಕೌನ್ಸಿಲರುಗಳ ಕೆನ್ನೆಗೆ ರಕ್ತ. ನನ್ನ ಪ್ರೋಗ್ರಾಮಿನಲ್ಲಿಯೂ ಚುಕ್ಕಿ ಬೆರೆಸುವ ವಿಧಾನವಿತ್ತು, ಆದರೆ ಅದು ಮುಖಗಳ ಮೇಲೆ ದಡಾರ ಎಬ್ಬಿಸುತ್ತಿತ್ತು. ಯಾವ ಎರಡು ನೂಲು ಒಂದರ ಪಕ್ಕ ಒಂದು ಬಾಳುತ್ತವೆ, ಯಾವುವು ಜಗಳವಾಡುತ್ತವೆ ಎಂದು ಆಂಟಿ ಬಾಯಲ್ಲೇ ಇಪ್ಪತ್ತೆಂಟು ಜೋಡಿ ಹೇಳಿದರು. ಒಂದೊಂದನ್ನೂ ಪ್ರೋಗ್ರಾಮಿನಲ್ಲಿ ಸೇರಿಸಿದೆ.

ಸಂಜೆ ನಾಲ್ಕಕ್ಕೆ ಮುದ್ರಿಸಿ ಗೋಡೆಗೆ ಅಂಟಿಸಿ ಹಿಂದೆ ಸರಿದೆವು. ಹತ್ತು ಹೆಜ್ಜೆ. ಬಾಗಿಲ ಮುಂದೆ ನಲವತ್ತು ಜನ ನಿಂತಿದ್ದರು.

ಫಲೆಟಾ ಬಂದು ನೋಡಿ, "ಥೂ, ಆವತ್ತು ನಾನು ಕಣ್ಣು ಮುಚ್ಚಿದೀನಿ," ಎಂದು ಬೇಜಾರು ಮಾಡಿಕೊಂಡಳು.

ದೋಷಾಂಕ 9.6ಕ್ಕೆ ಏರಿದೆ. ಜನ ಮಾತ್ರ ಜನರಂತೆ ಕಾಣುತ್ತಿದ್ದಾರೆ. ದೋಷಾಂಕದ ಸೂತ್ರದಲ್ಲಿಯೇ ಏನೋ ದೋಷವಿರಬೇಕು. ಬಿಡುವಾದಾಗ ನೋಡುವೆ.

ಜೂನ್ 12, ಗುರುವಾರ

ಹೊಸ ಚಿತ್ರದೊಂದಿಗೆ ಸಮಿತಿಯ ಮುಂದೆ. ಆಂಟಿಯನ್ನೂ ಕರೆದುಕೊಂಡು ಹೋದೆ. ಬೀಗಗಳೆಲ್ಲ ಹಾಗೆಯೇ ಇವೆಯೆಂದು ಒಂದೊಂದಾಗಿ ತೋರಿಸಿದೆ. ಟೋಪಿ ನೇರಳೆ, ಟೈ ಮರೂನ್, ಹುಲ್ಲು ಹಸಿರು. ಎಲ್ಲರಿಗೂ ಸಮಾಧಾನ. ಆಗ ಮೇಯರ್ ಎದ್ದರು.

"ಏನ್ರೀ ಇದು? ನನ್ನ ಮುಖ!"

"ಈಗ ಸಹಜವಾಗಿದೆ ಸರ್."

"ಹೋದ ಸಲ ಚಿನ್ನದ್ದಿತ್ತು! ಈಗ ಮೂಗಿನ ಮೇಲೆ ಕೆಂಪು ಚುಕ್ಕಿ ಹಾಕಿದೀರಿ. ಕುಡುಕನ ಹಂಗೆ ಕಾಣ್ತೀನಿ!"

ಕೌನ್ಸಿಲರುಗಳು ಚಿತ್ರ ನೋಡಿದರು, ಮೇಯರ್ ಮೂಗು ನೋಡಿದರು, ತಮ್ಮ ಕಾಗದಪತ್ರ ನೋಡಿದರು.

"ನಾನು ಹೊಸದನ್ನ ತಿರಸ್ಕರಿಸ್ತೀನಿ. ಏಪ್ರಿಲ್‌ನಲ್ಲಿ ಒಪ್ಪಿದ್ದೇ ನೇಯಬೇಕು," ಎಂದರು ಮೇಯರ್. ಟ್ವೀಡಿ ತಲೆಯಾಡಿಸಲು ಶುರುಮಾಡಿಯೇಬಿಟ್ಟಿದ್ದರು.

ಅಷ್ಟರಲ್ಲಿ ನನ್ನ ಬಾಯಿಂದ ಒಂದು ಮಾತು ಬಂತು. "ಸರ್, ನಿಮ್ಮ ಮುಖಕ್ಕೆ ಮಾತ್ರ ಪ್ರತ್ಯೇಕ ಬೀಗ ಹಾಕಬಹುದು. ಬರೀ ಚಿನ್ನ. ಬೇರೆ ಒಂದು ಚುಕ್ಕಿಯೂ ಬೀಳದ ಹಾಗೆ. ಆದರೆ ಕಣ್ಣು, ಬಾಯಿ ಕೂಡ ಕಾಣಲ್ಲ."

"ಸರ ಕಾಣುತ್ತಾ?"

"ಸರ, ಮುಖ ಎಲ್ಲ ಒಂದೇ ಆಗಿ ಹೊಳೀತದೆ."

"ಹಾಗೇ ಮಾಡಿ ಮತ್ತೆ. ಉಳಿದವರ ಮುಖ ಹೇಗಾದ್ರೂ ಇರ್ಲಿ, ನನಗೇನು."

ನಿರ್ಣಯ ಬರೆಸಿ ಸಹಿ ಹಾಕಿಸಿಕೊಂಡೆ. ಸರ್ವಾನುಮತ. ಮೆಟ್ಟಿಲಿಳಿದ ಮೇಲೆ ಆಂಟಿ ಕಂಬ ಹಿಡಿದುಕೊಂಡು ನಿಂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅಯ್ಯೋ ಮರೀ, ನಿನಗೆ ಇದನ್ನ ಯಾರು ಕಲಿಸಿದ್ರು?"

ನಾನು ಗ್ರಾಹಕರ ಬೇಡಿಕೆಯನ್ನು ಪೂರೈಸಿದೆ, ಅಷ್ಟೇ.

ಜೂನ್ 30, ಸೋಮವಾರ

ಕೊನೆಯ ವರದಿ ಕೊಡುವ ದಿನ. ಮೂವತ್ತೊಂದು ಪುಟ. ಟ್ವೀಡಿ ಹೇಳಿದ ಆ ಒಂದು ಸಾಲನ್ನು ಬೆಳಿಗ್ಗೆಯೇ ಬರೆದೆ: 'ಬಣ್ಣದ ಆಯ್ಕೆಗೆ ಮನುಷ್ಯರ ಅಗತ್ಯವಿಲ್ಲ.' ವ್ಯಾಕರಣ ಸರಿಯಿತ್ತು, ಸಂಗತಿ ಸರಿಯಿರಲಿಲ್ಲ. ತಪ್ಪು ಸಂಗತಿಯನ್ನು ತಾಂತ್ರಿಕ ವರದಿಯಲ್ಲಿ ಬಿಡಲಾಗದು. ಅಳಿಸಿದೆ. ಬದಲಿಗೆ ನಡೆದದ್ದನ್ನು ಬರೆದೆ: ಕಪ್ಪನ್ನು ತೆಗೆದದ್ದು ಯಾರು, ಇಪ್ಪತ್ತೆಂಟು ಜೋಡಿ ಹೇಳಿದ್ದು ಯಾರು, ಸೊನ್ನೆಯ ತಪ್ಪು ಹಿಡಿದದ್ದು ಯಾರು. ಫ್ಲಾಪಿಯಲ್ಲಿ ಧೂಳಿರಲಿಲ್ಲ ಎಂಬುದನ್ನೂ ಬರೆದೆ. ಪ್ರೋಗ್ರಾಮ್ ಎಣಿಸುತ್ತದೆ, ರಿಪೆಕಾ ಪಾರಟಾ ನೋಡುತ್ತಾರೆ. ಇವೆರಡೂ ಬೇರೆ ಕೆಲಸ.

ಕಾರ್ಡುಗಳ ಪೆಟ್ಟಿಗೆಯನ್ನು ವರದಿಯ ಮೇಲಿಟ್ಟು ಟ್ವೀಡಿಯವರ ಮೇಜಿನ ಮೇಲೆ ಬಿಟ್ಟು ಬಂದೆ. ಹಾಳೆಗಳು ಹಾರಬಾರದಲ್ಲ.

ಜುಲೈ 8, ಮಂಗಳವಾರ

ಮಗ್ಗ ಶುರು. ದಿನಕ್ಕೆ ಒಂದು ಗೇಣು. ಇಂದು ಶೂಗಳು ಮಾತ್ರ ಆದವು. ಶೂಗಳನ್ನು ಗುರುತಿಸಿ ಜನ ಕೂಗಾಡುತ್ತಿದ್ದಾರೆ.

ಜುಲೈ 18, ಶುಕ್ರವಾರ

ಟ್ವೀಡಿ ವರದಿ ಓದಿದ್ದಾರೆ. ಕೊನೆಯ ಪುಟ ಓದಿದ್ದಾರೆಂದರೆ ಸರಿ.

"ಅಂದ್ರೆ ಡೆಸ್ಮಂಡ್, ರಿಪೆಕಾ ಇಲ್ದೆ ಪ್ರೋಗ್ರಾಮ್ ನಡೆಯಲ್ಲ."

"ಇಲ್ಲ ಸರ್."

"ಪ್ರೋಗ್ರಾಮ್ ಬರ್ದಾಯ್ತಲ್ಲ, ನೀವಿಲ್ದೆ ಅದು ನಡೆಯುತ್ತಾ?"

"ನಡೆಯುತ್ತೆ. ಆಂಟಿಗೆ ಪೂರ್ತಿ ತೋರಿಸಿಕೊಟ್ಟಿದ್ದೀನಿ. ಬಹಳ ಬೇಗ ಕಲಿತ್ರು."

"ಮತ್ತೆ ನೀವು ಯಾಕೆ?"

ಪ್ರಶ್ನೆ ತರ್ಕಬದ್ಧವಾಗಿತ್ತು. ಹಾಗಾಗಿ ಆಂಟಿ ಉಳಿಯುತ್ತಾರೆ, ನನ್ನ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮಧ್ಯಾಹ್ನ ಹಸಿವು ಚೆನ್ನಾಗಿತ್ತು; ಎರಡು ಪೈ ತಿಂದೆ.

ಜುಲೈ 25, ಶುಕ್ರವಾರ

ಅನಾವರಣ. ಪರದೆ ಸರಿಯಿತು. ಹದಿನಾರು ಅಡಿ ಅಗಲದ ಗೋಡೆಯಲ್ಲಿ ಇಡೀ ಊರು ಮೆಟ್ಟಿಲ ಮೇಲೆ ನಿಂತಿತ್ತು. ನಡುವೆ ಕಣ್ಣು ಮೂಗು ಬಾಯಿಲ್ಲದ ಒಂದು ದೊಡ್ಡ ಹಿತ್ತಾಳೆಯ ಗುಂಡಿ. ಮೇಯರ್ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಪತ್ರಿಕೆಯವನು 'ಸರ್, ಇದರಲ್ಲಿ ನೀವೆಲ್ಲಿ?' ಎಂದು ಕೇಳಿ, ಉತ್ತರವನ್ನು ಬರೆದುಕೊಂಡ.

ಭಾಷಣ ಮುಗಿದು ಕೌನ್ಸಿಲರುಗಳು ಊಟದತ್ತ ಹೋದ ಮೇಲೆ ಗಿರಣಿಯವರು ಮನೆಮಂದಿಯೊಂದಿಗೆ ಒಳಬಂದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಮ್ಮನ್ನು ತೋರಿಸಿಕೊಂಡರು. ಆಂಟಿ ತಾವಿರುವ ಕಡೆ ನೋಡಿ, "ಇಷ್ಟು ದಪ್ಪಗಿದೀನಾ," ಎಂದು ಮಾತ್ರ ಹೇಳಿ ನೀರು ಕುಡಿಯಲು ಹೋದರು.

ಎಲ್ಲರೂ ತೆರಳಿದ ಮೇಲೂ ಬೂದು ಕೋಟಿನ ಹೆಂಗಸೊಬ್ಬರು ಬಲಬದಿಯಲ್ಲಿ ನಿಂತೇ ಇದ್ದರು. ನಾನು ಅವರನ್ನು ಗಿರಣಿಯಲ್ಲಿ ಎಂದೂ ನೋಡಿರಲಿಲ್ಲ.

"ಎರಡನೇ ಸಾಲಲ್ಲಿ, ಕಿವಿ ಸ್ವಲ್ಪ ಮುಂದೆ ಬಂದಿದೆಯಲ್ಲ, ಅವನು ನನ್ನ ಗಂಡ," ಎಂದರು. "ಜನವರೀಲಿ ತೀರಿಕೊಂಡ. ಮನೇಲಿರೋ ಫೋಟೋದಲ್ಲೆಲ್ಲ ಬೇರೆ ಕಡೆ ನೋಡ್ತಿರ್ತಾನೆ. ಅವನಿಗೆ ಫೋಟೋ ಅಂದ್ರೆ ನಾಚಿಕೆ. ಇದೊಂದರಲ್ಲೇ ನೇರ ನೋಡಿರೋದು." ಆಮೇಲೆ ಕೇಳಿದರು, "ಇದನ್ನ ಮಾಡಿದ್ದು ನೀವಾ?"

"ಅಲ್ಲಮ್ಮ. ಮಾಡಿದ್ದು ರಿಪೆಕಾ ಆಂಟಿ. ನಾನು ಚುಕ್ಕಿ ಎಣಿಸಿದವನು."

ರತ್ನಗಂಬಳಿಯ ಮುಂದೆ ಎರಡು ಹಿತ್ತಾಳೆ ಕಂಬಗಳ ನಡುವೆ ಕೆಂಪು ಹಗ್ಗ ಕಟ್ಟಿದ್ದರು. 'ಮುಟ್ಟಬಾರದು, ಪುರಸಭೆಯ ಆಜ್ಞೆ' ಎಂಬ ಫಲಕ. ಅವರು ಹಗ್ಗದವರೆಗೆ ಹೋಗಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ಅಲ್ಲಿರಲಿಲ್ಲ. ಅವರು ಹತ್ತಿರ ಹೋಗಿ, ಅಂಗೈಯನ್ನು ಆತನ ಕೆನ್ನೆಯ ಮೇಲಿಟ್ಟು, ಉಣ್ಣೆ ಯಾವ ಕಡೆ ಮಲಗುತ್ತದೋ ಆ ಕಡೆಗೆ ನಿಧಾನ ಸವರಿದರು.

ಪುರಸಭೆಯ ಗುಮಾಸ್ತ ಊಟದ ತಟ್ಟೆ ಹಿಡಿದುಕೊಂಡೇ ಓಡಿಬಂದ. "ಯಾರ್ರೀ ಹಗ್ಗ ಬಿಚ್ಚಿದ್ದು?"

ನಾನು ನೋಡಲಿಲ್ಲವೆಂದೆ. ಹಗ್ಗ ನನ್ನ ಕೈಯಲ್ಲಿತ್ತು.